ಸೈನ್ಸ್ ತೋಟದ ಎರಡು ಸಾಲು

ಮೊನ್ನೆ ಯಾರೋ ಪೇಪರಿನವನು ಬಂದಿದ್ದ. ಕತ್ತಿಗೆ ಕ್ಯಾಮೆರಾ ತಗಲಿಹಾಕ್ಕೊಂಡು ಗೇಟಿನ ಹತ್ರ ನಿಂತು, "ಈ ರೇಷ್ಮೆ ಕೇಂದ್ರ ಇಷ್ಟು ಬೆಳೆಯೋಕೆ ಕಾರಣ ಯಾರು?" ಅಂತ ಕೇಳ್ದ. ಅಲ್ಲಿದ್ದೋರೆಲ್ಲ ಒಬ್ಬೊಬ್ಬ ದೊಡ್ಡ ಮನುಷ್ಯನ ಹೆಸರು ಹೇಳಿದ್ರು. ನನಗೆ ಪಿತ್ತ ನೆತ್ತಿಗೇರ್ತು. ಕೈಯಲ್ಲಿದ್ದ ಉಳಿ ಕೆಳಗಿಟ್ಟು, "ಬಾರಪ್ಪ ಇಲ್ಲಿ, ನಾನು ಹೇಳ್ತೀನಿ" ಅಂದೆ. ಅವನಿಗೆ ಬಸ್ಸಿಗೆ ಹೊತ್ತಾಗಿತ್ತಂತೆ, ಹೊರಟೇಬಿಟ್ಟ. ಹೋಗ್ಲಿ ಬಿಡಿ. ನೀವಾದ್ರೂ ಕೂತ್ಕೊಳ್ಳಿ.

ನಾನು ಬಯ್ಯಪ್ಪಾಚಾರಿ, ಜಂಗಮಕೋಟೆ ಬಡಗಿ. ಈ ಸೈನ್ಸ್ ತೋಟದಲ್ಲಿ ಎರಡನೇ ಶೆಡ್ಡು ನಂದು. ಸೈನ್ಸ್ ತೋಟ ಅಂತ ಹೆಸರಿಟ್ಟಿದ್ದು ಯೂನಿವರ್ಸಿಟಿಯವರಲ್ಲ, ನಮ್ಮೂರ ಜನ, ಅದೂ ಗೇಲಿ ಮಾಡೋಕೆ. ಅರವತ್ತೈದನೇ ಇಸವೀಲಿ ಊರಾಚೆ ಗೋಮಾಳದಲ್ಲಿ, ಕಲ್ಲು ಮತ್ತೆ ಜಾಲಿ ಬಿಟ್ರೆ ಇನ್ನೇನೂ ಇಲ್ಲದ ಜಾಗದಲ್ಲಿ, ತಗಡಿನ ಶೆಡ್ಡು ಎದ್ದಾಗ ಎಲ್ಲರೂ ನಕ್ಕರು. "ಇಲ್ಲಿ ಸೈನ್ಸ್ ಬಿತ್ತಿ ಸೈನ್ಸ್ ಕುಯ್ತಾರಂತೆ ಕಣೋ" ಅಂದ್ರು. ಹೆಸರು ನಿಂತುಬಿಡ್ತು.

ಕಟ್ಟೋಕೆ ಬಂದೋರು ವೆಂಕಟೇಶ್ ಅಂತ, ಯೂನಿವರ್ಸಿಟಿ ಮೇಷ್ಟ್ರು. ಮುದ್ದೇನಹಳ್ಳಿ ಕಡೆಯೋರು, ಸಣಕಲು ಮೈ, ಹಳೇ ಸೈಕಲ್ಲು, ಬಾಯಿ ಬಿಟ್ರೆ ಪ್ರಶ್ನೆ. ಅವರಿಗೊಂದು ಹುಚ್ಚು ಹಿಡಿದಿತ್ತು. ರೇಷ್ಮೆ ಬಗ್ಗೆ ಏನೇ ಹೊಸದು ಕಂಡುಹಿಡಿದ್ರೂ ಅದು ಬೆಂಗಳೂರಿನ ಬೀರುವಿನಲ್ಲೇ ಕೊಳೀತದೆ, ಹಂಗಾಗಬಾರದು, ಪ್ರಯೋಗ ಮಾಡೋರ ಪಕ್ಕದಲ್ಲೇ ಕಸುಬಿನೋರೂ ಕೂತಿರಬೇಕು ಅನ್ನೋರು. ಅದಕ್ಕೇ ಮೊದಲನೇ ಶೆಡ್ಡಲ್ಲಿ ಅವರ ಹುಳ, ಎರಡನೇದರಲ್ಲಿ ಹುಳದ ತಟ್ಟೆ ಜೋಡಿಸೋಕೆ ಸ್ಟ್ಯಾಂಡು ಮಾಡೋ ನಾನು, ಮೂರನೇದರಲ್ಲಿ ಚರಕ ಹಾಕ್ಕೊಂಡು ನೂಲು ತೆಗೆಯೋ ಆವಲಪ್ಪ. ಬೆಳಗ್ಗೆ ಅವರಿಗೊಂದು ಯೋಚನೆ ಬಂದ್ರೆ ಮಧ್ಯಾಹ್ನಕ್ಕೆ ನಾನು ಅದನ್ನ ಮರದಲ್ಲಿ ಮಾಡಬೇಕು, ಸಂಜೆಗೆ ಆವಲಪ್ಪ ಅದರಲ್ಲಿ ಹುಳುಕು ಹುಡುಕಬೇಕು. ಹುಡುಕೋದರಲ್ಲಿ ಅವನು ಶೂರ. ಇಂಥ ವ್ಯವಸ್ಥೆ ನಮ್ಮ ಸೀಮೇಲಿ ಯಾರೂ ಕಂಡಿರಲಿಲ್ಲ. ನಾನು ಬಂದಿದ್ದು ಮಾತ್ರ ಶೆಡ್ಡಿಗೆ ಬಾಡಿಗೆ ಇಲ್ಲ ಅಂದಿದ್ದಕ್ಕೆ, ಸುಳ್ಳ್ಯಾಕೆ ಹೇಳ್ಲಿ.

ಇನ್ನು ಆ ಪೇಪರಿನವನಿಗೆ ನಾನು ಹೇಳಬೇಕು ಅಂತಿದ್ದ ಹೆಸರು, ಮುನಿಶಾಮಮ್ಮನ ವಿಷಯಕ್ಕೆ ಬರ್ತೀನಿ. ಕೇರಿ ಹೆಂಗಸು. ಗಂಡ ಎರ್ರಪ್ಪ ಬಾವಿ ತೋಡೋಕೆ ಊರೂರು ಅಲೀತಿದ್ದ. ಇವಳು ಚಿಕ್ಕಂದಿನಿಂದ ಚೆನ್ನರಾಯಪ್ಪನ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಿದೋಳು. ಚೆನ್ನರಾಯಪ್ಪ ಅಂದ್ರೆ ನಮ್ಮೂರಲ್ಲಿ ಜಮೀನ್ದಾರಿ ಮನೆ, ವರ್ಷವಿಡೀ ಹುಳ ಸಾಕೋರು. ಸೊಪ್ಪಿನ ಮೂಟೆ ತಂದು ಹುಳದ ಮನೆ ಹೊಸ್ತಿಲ ಆಚೆ ಇಡಬೇಕು, ಅಷ್ಟೇ ಅವಳ ಕೆಲಸ. ದೃಷ್ಟಿ ತಾಗುತ್ತೆ ಅಂತ ಹುಳದ ಮನೆಗೆ ಹೊರಗಿನೋರನ್ನ ಯಾರೂ ಬಿಡಲ್ಲ, ಕೇರಿಯವರನ್ನಂತೂ ಕೇಳೋದೇ ಬೇಡ. ಅಷ್ಟು ವರ್ಷ ಹುಳಕ್ಕೆ ಅನ್ನ ಹೊತ್ತೋಳು ಹುಳ ತಿನ್ನೋದನ್ನ ಒಂದು ದಿನವೂ ನೋಡಿರಲಿಲ್ಲ. ನಂಬ್ತೀರಾ? ನಾನು ಕೇಳೋವರೆಗೂ ನನಗೂ ಗೊತ್ತಿರಲಿಲ್ಲ.

ಮಹಾ ಕುತೂಹಲದ ಹೆಂಗಸು. ನನ್ನ ಶೆಡ್ಡಿನ ಮುಂದೆ ಹಾದು ಹೋಗ್ವಾಗೆಲ್ಲ ನಿಂತು, "ಆಚಾರ್ರೆ, ಈ ಸ್ಟ್ಯಾಂಡಿನ ಕಾಲು ನೀರಿನ ಬಟ್ಟಲಲ್ಲಿ ಯಾಕೆ ನಿಲ್ಲಿಸ್ತಾರೆ?" ಅನ್ನೋಳು. "ಇರುವೆ ಹತ್ತಬಾರದು ಅಂತ ಕಣಮ್ಮ." "ಅದಕ್ಕೆ ಜ್ವರ ಬರ್ತದಂತಲ್ಲ, ನಮ್ಮ ಹಂಗೆ ಮೈ ಸುಡ್ತದಾ?" "ಪೊರೆ ಬಿಡೋ ಮುಂಚೆ ಮೇವು ಬಿಟ್ಟು ಸುಮ್ಮನೆ ಮಲಗ್ತವೆ, ಅದಕ್ಕೆ ಜ್ವರ ಅಂತಾರೆ. ಸುಡ್ತದೋ ಇಲ್ವೋ ನಾನೇನು ಹಣೆ ಮುಟ್ಟಿ ನೋಡಿದ್ದೀನಾ, ಹೋಗಮ್ಮ ಅತ್ತ!" ಬೈದ್ರೂ ಮಾರನೇ ದಿನ ಹೊಸ ಪ್ರಶ್ನೆ ತರೋಳು. ಒಂದಿನ ಅದು ವೆಂಕಟೇಶರ ಕಿವಿಗೆ ಬಿತ್ತು. "ಒಳಗೆ ಬಂದು ನೋಡಿ" ಅಂದ್ರು. ಬನ್ನಿ, ನೋಡಿ ಅಂತ ಅವಳಿಗೆ ಬಹುವಚನ! ಅವಳು ಹಿಂದೆ ತಿರುಗಿ ಯಾರಿಗೆ ಹೇಳ್ತಿದ್ದಾರೆ ಅಂತ ನೋಡಿದಳು.

ಆವತ್ತೇ ಅವಳನ್ನ ಹುಳಕ್ಕೆ ಸೊಪ್ಪು ಹಾಕೋ ಕೆಲಸಕ್ಕೆ ಇಟ್ಕೊಂಡ್ರು. ಊರು ಕಾದ ಬಾಣಲೆ ಆಯ್ತು. ಚೆನ್ನರಾಯಪ್ಪ ಬಂದು, "ಅವಳು ಒಳಗೆ ಕಾಲಿಟ್ರೆ ಇಲ್ಲಿನ ಹುಳದ ಮೊಟ್ಟೆ ನಾವ್ಯಾರೂ ತಗೊಳಲ್ಲ ಸ್ವಾಮಿ" ಅಂದ. ವೆಂಕಟೇಶ್ ಜಗಳ ಆಡ್ಲಿಲ್ಲ. "ನಮ್ಮ ಬೆಳೆ ಚೆನ್ನಾಗಿ ಬಂದ್ರೆ ನೀವೇ ಬರ್ತೀರಿ ಬಿಡಿ" ಅಂದ್ರು. ಮುನಿಶಾಮಮ್ಮ ಕೈಕಾಲು ತೊಳ್ಕೊಂಡು ಒಳಗೆ ಹೋದಳು. ತಟ್ಟೆ ಮೇಲೆ ಬಗ್ಗಿ, ಹುಳ ಎಲೆ ಅಂಚನ್ನ ಕರಕರ ತಿನ್ನೋದನ್ನ ಕೇಳಿ ಬಾಯಿಗೆ ಸೆರಗು ಮುಚ್ಕೊಂಡು ನಕ್ಕಳು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, "ಅಬ್ಬಬ್ಬಾ, ಇಷ್ಟೊಂದು ಕೂದಲಾ ಇದಕ್ಕೆ!" ಅಂತ ಕೂಗಿದಳು. ಒಂದು ವಾರ ಕೇರಿಯಲ್ಲೆಲ್ಲ ಅದೇ ಮಾತಂತೆ. ಸೊಪ್ಪು ಹಾಕ್ವಾಗ ಅವರ ಮನೆ ತೆಲುಗಲ್ಲಿ "ತಿನಂಡಿ ನಾಯನಾ, ತಿನಂಡಿ" ಅಂತ ಮಕ್ಕಳಿಗೆ ಉಣ್ಣಿಸಿದ ಹಂಗೆ ಹೇಳೋಳು, ಗೋಡೆಯಾಚೆ ನನಗೆ ಕೇಳ್ಸೋದು.

ಈ ತೋಟದ ಪ್ರಾಣ ಇದ್ದಿದ್ದು ಒಂದು ಹೊಸ ಹಿಪ್ಪುನೇರಳೆ ತಳಿಯಲ್ಲಿ. ಅಂಗೈಯಗಲ ಎಲೆ, ದಪ್ಪ, ಮುರಿದ್ರೆ ಹಾಲು. ಅದನ್ನ ತಿಂದ ಹುಳ ದೊಡ್ಡ ಗೂಡು ಕಟ್ಟುತ್ತೆ ಅಂತ ವೆಂಕಟೇಶರ ಲೆಕ್ಕಾಚಾರ. ತೋರಿಸಬೇಕಲ್ಲ? ಹುಳದ ಮನೇಲಿ ಎರಡು ಸಾಲು ಸ್ಟ್ಯಾಂಡು ನಿಲ್ಲಿಸಿದ್ರು. ಕಿಟಕಿ ಕಡೆ ಸಾಲಿಗೆ ಹೊಸ ಸೊಪ್ಪು, ಗೋಡೆ ಕಡೆ ಸಾಲಿಗೆ ನಮ್ಮ ನಾಟಿ ಸೊಪ್ಪು. ಮೊಟ್ಟೆ ಒಂದೇ, ಮನೆ ಒಂದೇ, ಸೊಪ್ಪು ಮಾತ್ರ ಬೇರೆ. ಈ ಸೊಪ್ಪಿನ ಮಂಕರಿ ಆ ಕಡೆಗೆ, ಆ ಮಂಕರಿ ಈ ಕಡೆಗೆ ಅಂತ ಮುನಿಶಾಮಮ್ಮನಿಗೆ ತೋರಿಸಿಕೊಟ್ಟು ವೆಂಕಟೇಶ್ ಅವರ ಪಾಡಿಗೆ ಹೋದ್ರು. ಯಾಕೆ ಅಂತ ಹೇಳ್ಲಿಲ್ಲ. ಓದಿದೋರಿಗೆ ಅದು ಹೇಳಬೇಕಾದ ಮಾತು ಅಂತ ಹೊಳೆಯೋದೇ ಇಲ್ಲ ನೋಡಿ.

ಬೆಳೆ ಬಂತು. ಗೂಡು ಬಿಡಿಸಿ ತೂಗಿದ್ರೆ ಎರಡು ಸಾಲೂ ಸಮಸಮ! ವೆಂಕಟೇಶ್ ಮಂಕಾಗಿಬಿಟ್ರು. ಕಿಟಕಿ ಗಾಳಿ ಕಾರಣವೋ ಅಂತ ಕಿಟಕಿಗೆ ಗೋಣಿ ಕಟ್ಟಿಸಿದ್ರು. ಗೋಡೆ ಬೆಚ್ಚಗಿದೆಯೋ ಅಂತ ಮೂಲೆಮೂಲೆಗೆ ಥರ್ಮಾಮೀಟರು ನೇತು ಹಾಕಿದ್ರು. ಕೊನೆಗೆ ನನ್ನ ಸ್ಟ್ಯಾಂಡೇ ವಾಲಿರಬೇಕು ಅಂತ ಗೋಲಿ ಉರುಳಿಸಿ ನೋಡಿದ್ರು! ಮೈ ಉರಿದುಹೋಯ್ತು ನನಗೆ. "ಸ್ಟ್ಯಾಂಡು ವಾಲಿದ್ರೆ ಹುಳ ದಪ್ಪ ಆಗ್ತವಾ ಸಾರ್?" ಅಂತ ಕೂಗಾಡಿದೆ. ಆದರೂ ಮನೆಗೆ ಹೋಗಿ ಯೋಚ್ನೆ ಮಾಡ್ದೆ, ಏನಿರಬಹುದು ಇದು? ಆವಲಪ್ಪನೂ ನಾನೂ ಬೀಡಿ ಸೇದ್ತಾ ಅದನ್ನೇ ಕೆದಕ್ತಿದ್ವಿ. ಎರಡನೇ ಬೆಳೆಯೂ ಹಂಗೇ ಬಂತು, ಸಮಸಮ.

ಯೂನಿವರ್ಸಿಟಿಯಿಂದ ಸಮಿತಿ ಬರುತ್ತೆ ಅಂತ ಸುದ್ದಿ ಬಂತು. ಹೊಸ ತಳಿಯಲ್ಲಿ ಹುರುಳಿಲ್ಲ ಅಂದ್ರೆ ತೋಟ ಮುಚ್ಚಿ ಜಮೀನು ವಾಪಸ್ಸು ಕೊಡೋದಂತೆ. ನನ್ನ ಶೆಡ್ಡು ಹೋಯ್ತು, ಆವಲಪ್ಪನ ಚರಕ ಬೀದಿಗೆ ಬಂತು, ಮುನಿಶಾಮಮ್ಮ ಮತ್ತೆ ಚೆನ್ನರಾಯಪ್ಪನ ಹೊಸ್ತಿಲಾಚೆಗೆ. ನನಗೆ ಊಟ ಸೇರ್ತಿರಲಿಲ್ಲ.

ಸಮಿತಿಯ ದೊಡ್ಡೋರು ಬಂದು ಹುಳದ ಮನೆ ಮುಂದೆ ಕುರ್ಚಿ ಹಾಕ್ಕೊಂಡು ಕೂತ್ರು. ವೆಂಕಟೇಶ್ ತಲೆ ತಗ್ಗಿಸಿ, "ಎರಡು ಸೊಪ್ಪಿಗೂ ವ್ಯತ್ಯಾಸ ಕಾಣ್ತಿಲ್ಲ ಸರ್" ಅಂದ್ರು. ಹಿಂದೆ ನಿಂತಿದ್ದ ಮುನಿಶಾಮಮ್ಮ ನಗುನಗ್ತಾ ಮುಂದೆ ಬಂದಳು. ಏನೋ ಹೊಗಳ್ತಿದ್ದಾರೆ ಅಂದ್ಕೊಂಡಿದ್ದಳು ಪಾಪ.

"ವ್ಯತ್ಯಾಸ ಹೆಂಗಿರ್ತದೆ ಸಾಮಿ? ನಾನು ಎರಡು ಮಂಕರಿನೂ ಬೆರೆಸಿ, ಎರಡು ಕಡೆಗೂ ಸಮನಾಗಿ ಹಾಕಿದ್ದೀನಲ್ಲ!"

ನನಗೆ ಬಾಯಿ ತಡೀಲಿಲ್ಲ. "ನಿನ್ ಮನೆ ಹಾಳಾಗ! ಯಾಕಮ್ಮ ಬೆರೆಸ್ದೆ?" ಅಂತ ಎಲ್ಲರೆದುರಿಗೇ ಕೂಗಿದೆ.

ಅವಳ ನಗು ಹೋಯ್ತು. ನಿಧಾನಕ್ಕೆ ಹೇಳಿದಳು. "ಚೆನ್ನರಾಯಪ್ಪನೋರ ಮನೆ ಮದುವೇಲಿ ಚಪ್ಪರದೊಳಗೆ ತುಪ್ಪ, ಪಾಯಸ ಬಡಿಸ್ತಾ ಇದ್ರು. ನಮ್ಮನ್ನ ಕೊಟ್ಟಿಗೆ ಹಿಂದೆ ಕೂರಿಸಿ ಮುದ್ದೆ, ತಿಳಿ ಸಾರು ಹಾಕಿದ್ರು. ಪಾಯಸದ ಘಮ ಅಲ್ಲಿಗೂ ಬರ್ತಿತ್ತು ಸಾಮಿ. ಆ ಸಾಲಲ್ಲಿ ಕೂತೋರಿಗೆ ಹೆಂಗಾಗ್ತದೆ ಅಂತ ನನಗೆ ಗೊತ್ತು. ಅಲ್ಲಿ ತಡೆಯೋಕೆ ನನ್ನ ಕೈಲಿ ಆಗ್ಲಿಲ್ಲ. ಇಲ್ಲಿ ಸೊಪ್ಪು ನನ್ನ ಕೈಯಲ್ಲೇ ಇತ್ತು. ಹಂಚಿದೆ."

ಬೈದ ನಾಲಿಗೆ ಬಾಯೊಳಗೆ ಎಲ್ಲಿ ಇಟ್ಕೊಳ್ಳೋದು ಅಂತ ನನಗೆ ಗೊತ್ತಾಗ್ಲಿಲ್ಲ. ಆಮೇಲೆ ಸಮಿತಿಯ ಹಿರಿಯರು ಕನ್ನಡಕ ತೆಗೆದು ಒರೆಸ್ಕೊಂಡು, "ಹಾಗಾದರೆ ಪ್ರಯೋಗ ಇನ್ನೂ ನಡೆದೇ ಇಲ್ಲ. ಇನ್ನೊಂದು ಬೆಳೆ ತೆಗೀರಿ, ಅದೇ ಕೊನೇದು" ಅಂತ ಹೇಳಿ ಎದ್ದರು.

ಅವರು ಹೋದ ಮೇಲೆ ವೆಂಕಟೇಶ್ ಅವಳನ್ನ ಹುಣಸೆ ಮರದ ಕೆಳಗೆ ಕೂರಿಸಿ ಮೊದಲಿಂದ ಹೇಳಿದ್ರು. ಒಂದು ಸಾಲು ಬರೀ ನಾಟಿ ಸೊಪ್ಪು ತಿಂದ್ರೆ ತಾನೇ ಹೊಸ ಸೊಪ್ಪಿನ ಬೆಲೆ ಗೊತ್ತಾಗೋದು, ಗೊತ್ತಾದ್ರೆ ತಾನೇ ಊರೂರಿಗೆ ನೆಡೋಕೆ ಅದರ ಕಡ್ಡಿ ಕೊಡೋದು. ತಪ್ಪು ನಂದೇ, ಮೊದಲೇ ಹೇಳಬೇಕಿತ್ತು ಅಂತಲೂ ಅಂದ್ರು. ಅವಳು ಎಲ್ಲ ಕೇಳಿಸ್ಕೊಂಡಳು, ಎರಡು ಮೂರು ಪ್ರಶ್ನೆ ಕೇಳಿದಳು, ಅರ್ಥ ಮಾಡ್ಕೊಂಡಳು. "ಈ ಸಲ ಬೆರೆಸಲ್ಲ ತಾನೆ?" ಅಂತ ಅವರು ಕೇಳಿದ್ರು.

ನಾನಾಗಿದ್ರೆ ಹೂಂ ಅಂತಿದ್ದೆ. ಯಾರೇ ಆಗಿದ್ರೂ ಅಂತಿದ್ರು. ಅವಳು "ಬೆರೆಸ್ತೀನಿ ಸಾಮಿ" ಅಂದಳು. "ಇಲ್ಲಿ ಕೂತು ಬೆರೆಸಲ್ಲ ಅಂತೀನಿ. ಒಳಗೆ ಹೋಗಿ ಅವು ತಲೆ ಎತ್ತಿ ನೋಡಿದ್ರೆ ಬೆರೆಸ್ತೀನಿ. ನನ್ನ ಕೈ ನನಗೆ ಗೊತ್ತು. ತೋಟ ಉಳೀಬೇಕು ಅಂದ್ರೆ ನನ್ನ ಒಳಗೆ ಬಿಡಬೇಡಿ. ನಾನು ಆಚೆ ಸೊಪ್ಪು ಬಿಡಿಸ್ತೀನಿ."

ಅಷ್ಟು ಆಸೆಪಟ್ಟು ಒಳಗೆ ಹೋದೋಳು ಕಣ್ರೀ! ಯಾರೂ ಹೊರಗೆ ಹಾಕಿರಲಿಲ್ಲ. ಆಚೆ ಹೋಗೋದು ಬೇಡ ಅಂತ ವೆಂಕಟೇಶ್ ಹೇಳ್ತಾರೆ ಅಂತ ಕಾದೆ. ಅವರು ಬೇಡ ಅನ್ನಲಿಲ್ಲ, ಅನ್ನೋಕೆ ಬರೋ ಹಂಗೂ ಇರಲಿಲ್ಲ.

ಆ ಬೆಳೆಗೆ ಸೊಪ್ಪು ಹಾಕಿದ್ದು ಆವಲಪ್ಪನ ಹೆಂಡ್ತಿ ಆದಿಲಕ್ಷ್ಮಮ್ಮ, ಹೇಳಿದಷ್ಟು ಮಾಡೋ ಹೆಂಗಸು. ಮುನಿಶಾಮಮ್ಮ ಮಂಕರಿ ತಂದು ಬಾಗಿಲ ಆಚೆ ಇಟ್ಟು ತಿರುಗಿ ನೋಡದೆ ಹೋಗೋಳು. ನನ್ನ ಶೆಡ್ಡಿನ ಹತ್ರ ನಿಂತು, "ಗೋಡೆ ಕಡೆಯವು ಹೆಂಗವೆ ಆಚಾರ್ರೆ?" ಅಂತ ಕೇಳೋಳು. ನಾನು ಆದಿಲಕ್ಷ್ಮಮ್ಮನ್ನ ಕೇಳಿ ಬಂದು ಹೇಳ್ತಿದ್ದೆ, "ಸ್ವಲ್ಪ ಸಣ್ಣಕ್ಕವೆ, ಆದ್ರೆ ಚೆನ್ನಾಗವೆ ಕಣಮ್ಮ." ಕಿಟಕಿ ಕಡೆಯವನ್ನ ಅವಳು ಒಂದು ದಿನವೂ ಕೇಳ್ಲಿಲ್ಲ.

ಈ ಸಲ ತೂಗಿದಾಗ ವ್ಯತ್ಯಾಸ ಎದ್ದು ಕಾಣ್ತಿತ್ತು. ಕಿಟಕಿ ಸಾಲಿನ ಗೂಡು ಕೈಗೆ ತೂಕ ಬರ್ತಿತ್ತು, ಗೋಡೆ ಸಾಲಿನದು ಒತ್ತಿದ್ರೆ ಬಗ್ಗೋದು. ತೋಟ ಉಳೀತು. ಉಳೀತು ಏನು, ಹಬ್ಬಿತು. ಕೆಂಚಾರ್ಲಹಳ್ಳಿಯೋರು ಗಾಡಿ ಕಟ್ಕೊಂಡು ಬಂದು ಕಡ್ಡಿ ಒಯ್ದರು, ಗೌರಿಬಿದನೂರಿಂದ ಬಸ್ಸಲ್ಲಿ ಬಂದ್ರು, ಚೆನ್ನರಾಯಪ್ಪನೂ ಬಂದ, ಏನೂ ಆಗದೇ ಇದ್ದೋರ ಥರ. ಮೊಟ್ಟೆ ಪರೀಕ್ಷೆಗೆ ಒಂದು ಶೆಡ್ಡು, ಬಿದಿರು ತಟ್ಟೆ ಹೆಣೆಯೋರಿಗೆ ಒಂದು, ಚಿಂತಾಮಣಿಯಿಂದ ಚರಕ ರಿಪೇರಿಯೋನು ಬಂದ, ಬೆಂಗಳೂರಿಂದ ಕಲಿಯೋ ಹುಡುಗರು ಬಂದ್ರು. ನನಗೇ ಈಗ ಕೆಲಸಕ್ಕೆ ಆಳು ಸಾಲಲ್ಲ. ಆ ಪೇಪರಿನವನು ಫೋಟೋ ತೆಗೆದಿದ್ದು ಇದನ್ನೆಲ್ಲ.

ತೂಕ ಆಗಿ ಸ್ವಲ್ಪ ದಿನಕ್ಕೆ ವೆಂಕಟೇಶ್ ತಾವೇ ಸೊಪ್ಪಿನ ತೋಟಕ್ಕೆ ನಡ್ಕೊಂಡು ಹೋದ್ರು. ಒಂದು ಮರದ ಅಳತೆ ಕೇಳೋಕೆ ನಾನೂ ಹಿಂದೆಯೇ ಇದ್ದೆ.

"ಮುನಿಶಾಮಮ್ಮ, ಒಳಗೆ ಬನ್ನಿ. ಈ ಬೆಳೆ ಪ್ರಯೋಗಕ್ಕಲ್ಲ, ರೈತರಿಗೆ ಮೊಟ್ಟೆ ತೆಗೆಯೋ ಬಿತ್ತನೆ ಗೂಡಿಗೆ. ಎರಡು ಸಾಲಿಗೂ ಹೊಸ ಸೊಪ್ಪೇ."

ಅವಳು ನಂಬ್ಲಿಲ್ಲ. "ಒಂದು ಸಾಲು ನಾಟಿ ಸೊಪ್ಪೇ ತಿನ್ನೋದು ಬೇಡವಾ ಸಾಮಿ?"

"ಬೇಡ. ಅದು ಗೊತ್ತಾಯ್ತಲ್ಲ."

"ಹೋದ ಸಲದ ಗೋಡೆ ಕಡೆಯವು?"

ವೆಂಕಟೇಶ್ ನನ್ನ ಮುಖ ನೋಡಿದ್ರು. ನಾನೇ ಹೇಳ್ದೆ, "ಆವಲಪ್ಪ ಗೂಡು ಬೇಯಿಸಿ ನೂಲು ತೆಗೆದಾಯ್ತು ಕಣಮ್ಮ."

ಅವಳು ಹುಳದ ಮನೆಗೆ ಬಂದು ಕೈಕಾಲು ತೊಳ್ಕೊಂಡು ಮಂಕರಿ ಎತ್ಕೊಂಡಳು. ಹುಳಗಳು ಆಗಷ್ಟೇ ಎರಡನೇ ಜ್ವರ ಬಿಟ್ಟು ಎದ್ದಿದ್ವು, ಹಸಿದು ತಲೆ ಎತ್ತಿ ಆಡಿಸ್ತಿದ್ವು. ಬಾಗಿಲಿಗೆ ಹತ್ತಿರ ಇರೋದು ಕಿಟಕಿ ಸಾಲು. ಅದನ್ನ ದಾಟಿ ಅವಳು ನೆಟ್ಟಗೆ ಗೋಡೆ ಸಾಲಿಗೆ ಹೋದಳು. ಅಲ್ಲಿನ ಕೊನೇ ತಟ್ಟೆಗೆ ಹಾಕಿ ಮುಗಿಯೋವರೆಗೂ ಈ ಕಡೆ ತಿರುಗಲಿಲ್ಲ.