ಗೂಡ್ಸ್ ಗಾಡಿಯ ಭೂಕಂಪ

ದೂರದ ಕಡಲ ತಡಿಯ ದೊಡ್ಡ ಊರೊಂದು ಸಮುದ್ರದೊಳಗಿನ ಭೂಕಂಪಕ್ಕೆ ನಡುಗಿದ್ದನ್ನು ಬೆಳಿಗ್ಗೆ ಟಿವಿಯಲ್ಲಿ ನೋಡಿದೆ. ಚಿಕ್ಕಪ್ಪನ ಮಗಳು ಸುಧಾ ಇರುವುದು ಅಲ್ಲೇ.

ನಾವು ಚಿಕ್ಕವರಿದ್ದಾಗಲೂ ಅಲ್ಲಿ ಹೀಗೇ ಆಗಿ, ಅವಳನ್ನು ಹರಿಹರದ ನಮ್ಮ ಮನೆಗೆ ಕಳಿಸಿದ್ದರು. ಅಮ್ಮನ ತೊಡೆ, ಅಮ್ಮನ ಕೈತುತ್ತು ಎಲ್ಲ ಅವಳದಾಯಿತು. ಪಾಪ ಅನಿಸಬೇಕಿತ್ತಲ್ಲವೇ? ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಮನೆ ಹಿಂದಿನ ಹಳಿ ಮೇಲೆ ಗೂಡ್ಸ್ ಗಾಡಿ ಹೋಗುವಾಗ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಗಲಗಲ ಅಂದವು. "ಅಮ್ಮಾ, ಇಲ್ಲೂ ಭೂಕಂಪ!" ಅಂತ ಕಿರುಚಿ ಅಮ್ಮನ ಹತ್ತಿರ ಓಡಿದೆ. ಸುಧಾ ನಿಜಕ್ಕೂ ಬೆಚ್ಚಿಬಿದ್ದು ಅತ್ತಳು. ಅಮ್ಮ ಅವಳನ್ನೇ ತಬ್ಬಿಕೊಂಡು, "ಅದು ರೈಲು ಕಣೇ ಸುಳ್ಬುರ್ಕಿ! ಅತ್ಲಾಗ ಸರಿ, ಕೂಸು ಅಂಜೈತೆ" ಅಂದಳು.

ಸುಧಾ ಇವತ್ತೂ ಕ್ಷೇಮ. ನನಗೆ ನಿಜವಾಗಿ ಸಮಾಧಾನವಾಯಿತು. ಆದರೆ ದಾವಣಗೆರೆಯ ನಮ್ಮ ಈಗಿನ ಮನೆಯಲ್ಲಿ ಕೂತು ಅಮ್ಮ ಅವಳಿಗೆ ಮೂರನೇ ಸಲ ಫೋನ್ ಹಚ್ಚಿದಾಗ, ನಲವತ್ತು ದಾಟಿದ ನಾನು, "ಅಮ್ಮಾ, ನನಗೂ ಯಾಕೋ ತಲೆನೋವು ಐತೆ" ಅಂದೆ.