ಸೋಮವಾರ ಬಂದ ಫೋನು

ಗೌರಮ್ಮ, ನಿಮ್ಮ ಮಗಳು ಶೋಭಾ ಆಸ್ಪತ್ರೆ ಸೇರಿದ ಸುದ್ದಿ ನನಗೆ ಸೋಮವಾರವೇ ಬಂದಿತ್ತು. ನಿಮಗೆ ಹೇಳಿದ್ದು ಶುಕ್ರವಾರ. ಈಗತಾನೇ ಫೋನ್ ಬಂತು ಎಂದು ನಿಮ್ಮ ಮುಖ ನೋಡಿಯೇ ಸುಳ್ಳು ಹೇಳಿದೆ.

ತೊಂಬತ್ತರ ದಶಕ, ಅಮೆರಿಕದ ಕ್ಯಾರಿ ಎಂಬ ಊರಿನ ನಮ್ಮ ಮನೆ. ನನ್ನ ಬಾಣಂತನಕ್ಕೆಂದು ನಿಮ್ಮನ್ನು ಮೈಸೂರಿನಿಂದ ಕರೆಸಿಕೊಂಡಿದ್ದೆ. ನೀವು ಹೊರಟಾಗ ಶೋಭಾ ಕೂಡ ಮೂರು ತಿಂಗಳ ಬಸುರಿ. ಅವಳ ಹೆರಿಗೆಯ ಹೊತ್ತಿಗೆ ಕಳಿಸುತ್ತೇನೆಂದು ಮಾತು ಕೊಟ್ಟವಳು ನಾನೇ. ಆದರೆ ಬಾಣಂತನ ಮುಗಿದರೂ ಬಿಡಲಿಲ್ಲ—ಪಾಸ್‌ಪೋರ್ಟು ನನ್ನ ಬೀರುವಿನಲ್ಲಿತ್ತು. ನಿಮ್ಮನ್ನು ಮಲಗಿಸುತ್ತಿದ್ದುದು ಲಾಂಡ್ರಿ ರೂಮಿನಲ್ಲಿ.

ಆಗ ನಾನು ಹಾಂಗ್‌ಕಾಂಗಿನ ಹಳೆಯ ಕ್ಯಾಂಟನೀಸ್ ಸಿನಿಮಾಗಳ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಒಂದೇ ಒಲೆಗೆ ಕಿತ್ತಾಡುವ ಬಾಡಿಗೆ ಮನೆಯ ಹೆಂಗಸರು, ಸಾಹುಕಾರರ ಮನೆಯ ಆಳುಗಳು—ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನೀವೂ ನೋಡುತ್ತಿದ್ದಿರಿ. ಒಂದು ದಿನ ಕೇಳಿದಿರಿ: "ಅಮ್ಮಾವ್ರೇ, ಈ ಸಿನಿಮಾ ತೆಗೆದೋನು ಮನೆಯೆಲ್ಲಾ ತೋರಿಸ್ದ. ಆ ಕೆಲಸದೋಳು ಎಲ್ಲಿ ಮಲಗ್ತಾಳೆ, ಅದೊಂದು ತೋರಿಸ್ಲೇ ಇಲ್ವಲ್ಲಾ?"

ಆ ಪ್ರಶ್ನೆಯನ್ನು ನನ್ನದೆಂದೇ ಬರೆದುಕೊಂಡೆ. ಶೋಭಾ ಆಸ್ಪತ್ರೆ ಸೇರಿದ ಆ ವಾರವೇ, ಗುರುವಾರ, ವಾಷಿಂಗ್ಟನ್ನಿನ ಒಂದು ಸಭೆಯಲ್ಲಿ ಆ ಪ್ರಬಂಧ ಓದಬೇಕಿತ್ತು.

ಸೋಮವಾರ ನೀವು ಮಗುವಿಗೆ ನೀರು ಹಾಕುತ್ತಿದ್ದಾಗ ನಿಮ್ಮ ಅಳಿಯನ ಫೋನು. "ಬೀಪಿ ಏರ್ಬಿಟ್ಟಿದೆ ಮೇಡಂ. ಅಮ್ಮ ಬೇಕು ಅಂತ ಒಂದೇ ಸಮ ಅಳ್ತಾವ್ಳೆ. ಅತ್ತೆನ ಇವತ್ತೇ ಕಳಿಸ್ಕೊಡಿ."

"ಆಯ್ತು, ಹೇಳ್ತೀನಿ" ಎಂದೆ.

ಹೇಳಲಿಲ್ಲ. ನೀವು ಹೊರಟರೆ ನನ್ನ ಮಗುವನ್ನು ನೋಡಿಕೊಳ್ಳುವವರು ಯಾರು—ತಲೆಯಲ್ಲಿದ್ದುದು ಇಷ್ಟೇ. ಗುರುವಾರದೊಳಗೆ ಏನು ಮಹಾ ಆಗಿಬಿಡುತ್ತದೆ... ಗಂಡನಿಗೂ ತಿಳಿಸದೆ, ಫೋನಿನ ಗಂಟೆ ಕೇಳದಂತೆ ಮಾಡಿ, ಕಾರು ಹತ್ತಿದೆ.

ಗುರುವಾರ ಸಭೆಯ ಮುಂದೆ ನಿಂತು, ಆಳು ಹೆಂಗಸಿನ ಹಾಸಿಗೆ ಎಲ್ಲಿ ಎಂದು ಕೇಳಿದೆ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಥೂ, ಎಷ್ಟು ಖುಷಿಪಟ್ಟೆ ಗೊತ್ತೇ!

ಶುಕ್ರವಾರ ಮನೆಗೆ ಬಂದು ಮೈಸೂರಿಗೆ ಫೋನ್ ಮಾಡಿದೆ. ಹಿಂದಿನ ರಾತ್ರಿಯೇ ಶೋಭಾ ಹೋಗಿಬಿಟ್ಟಿದ್ದಳು. ಕೂಸು ಉಳಿದಿತ್ತು, ಹೆಣ್ಣು. ಆಸ್ಪತ್ರೆ, ಸಾವು ಎರಡೂ ಈಗತಾನೇ ತಿಳಿಯಿತೆಂಬಂತೆ ನಿಮಗೆ ಹೇಳಿದೆ. ನೀವು ನನ್ನ ಕೈ ಹಿಡಿದುಕೊಂಡು, "ಸುದ್ದಿ ಬಂದ ಗಳಿಗೇಲೇ ಹೇಳಿದ್ರಲ್ಲಾ ತಾಯಿ, ಬೇರೆಯೋರಾಗಿದ್ರೆ ಮುಚ್ಚಿಡೋರು" ಎಂದಿರಿ. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಊರು ಸೇರಿದ ಮೇಲೆ ನೀವು ಬರೆಸಿ ಹಾಕಿದ ಕಾಗದ ಬಂತು. ಸೋಮವಾರವೇ ಫೋನ್ ಮಾಡಿದ್ದೆ ಎಂದು ಅಳಿಯ ಹೇಳಿದನಂತೆ. "ನಮ್ಮ ಅಮ್ಮಾವ್ರ ಮೇಲೆ ಗೂಬೆ ಕೂರಿಸ್ತೀಯಾ, ಇನ್ನು ನನ್ನ ಹೊಸಿಲು ತುಳೀಬೇಡ ಅಂತ ಬೈದು ಕಳಿಸ್ದೆ" ಎಂದಿತ್ತು. ಅವನು ಕೂಸನ್ನು ಎತ್ತಿಕೊಂಡು ಹೋದ. ಆಮೇಲೆ ನೀವು ಆ ಮೊಮ್ಮಗಳ ಮುಖವನ್ನೇ ನೋಡಲಿಲ್ಲ. ಆಗಲಾದರೂ ಎರಡು ಸಾಲು ಬರೆಯಬಹುದಿತ್ತು—ಬರೆಯಲಿಲ್ಲ. ನಿಮ್ಮ ಕಣ್ಣಲ್ಲಿ ಒಳ್ಳೆಯವಳಾಗಿಯೇ ಇರಬೇಕಿತ್ತು ನನಗೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಈ ಕಾಗದದ ಒಂದು ಪ್ರತಿ ನಿಮ್ಮ ಅಳಿಯನಿಗೂ ಹೋಗುತ್ತದೆ. ಅವನು ಸುಳ್ಳು ಹೇಳಿರಲಿಲ್ಲ, ಗೌರಮ್ಮ. ಶೋಭಾ ನಾಲ್ಕು ದಿನ ನಿಮ್ಮ ದಾರಿ ನೋಡಿದಳು.