ಅರೆಯಬಾರದಾಗಿದ್ದ ಮಾತ್ರೆ

ಅಕ್ಕನಿಗೆ ಮೊದಲು ಬಂದದ್ದು ಉರಿ. ಗುಳ್ಳೆ ಆಮೇಲೆ.

ಎಡಪಕ್ಕೆಯಲ್ಲಿ ಎರಡು ದಿನ ಉರಿ ಇತ್ತು. ಕಲ್ಲಿನ ಧೂಳು ಬೆವರಿಗೆ ಅಂಟಿ ಹಾಗಾಗಿದೆ ಎಂದುಕೊಂಡು ಅವಳು ಸುಮ್ಮನಿದ್ದಳು. ಮೂರನೇ ದಿನ ಬೆಳಿಗ್ಗೆ ಬೆನ್ನಿನ ನಡುವಿನಿಂದ ಹೊಟ್ಟೆಯ ಪಕ್ಕದವರೆಗೆ, ಒಂದೇ ಬದಿಗೆ, ಪಟ್ಟಿಯ ಹಾಗೆ ಕೆಂಪು ಎದ್ದಿತ್ತು. ಅದರ ತುಂಬ ನೀರುಗುಳ್ಳೆ. ನನ್ನ ಹೆಂಡತಿ ಪದ್ಮ ನೋಡಿ ಹೊರಗೆ ಬಂದು ಹೇಳಿದಳು, "ಸರ್ಪಸುತ್ತು ಕಣ್ರೀ."

ನಾನು ಹೆದರಲಿಲ್ಲ. ಹೆದರಬೇಕಿತ್ತು.

ಶಿವಾರಪಟ್ಟಣದಲ್ಲಿ ನಮ್ಮದು ವಿಗ್ರಹ ಕೆತ್ತುವ ಮನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ಅಕ್ಕ ಮುನಿರತ್ನ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಬೇಗ ಹೋದಳು, ನನ್ನನ್ನು ಎತ್ತಿ ಬೆಳೆಸಿದವಳು ಅಕ್ಕ. ಭಾವ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾಳೆ. ನಾನು ಕೆತ್ತಿದ್ದನ್ನು ಸಾಣೆಕಲ್ಲಿನಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡುವುದು ಅವಳ ಕೆಲಸ. ಅವಳ ಕೈ ಬೀಳುವವರೆಗೆ ನನ್ನ ದೇವರುಗಳೆಲ್ಲ ಬರೀ ಕಲ್ಲು.

ಕೆತ್ತುವ ಮೊದಲು ಕಲ್ಲಿನ ಮೇಲೆ ಗೆರೆ ಹಾಕಲು ಜಾಜು ಬೇಕು. ಅದು ಕೆಂಪು ಮಣ್ಣು. ಅರೆದು ನೀರಲ್ಲಿ ಕಲಸಿ ಇಟ್ಟುಕೊಳ್ಳುತ್ತೇವೆ. ತಾತನ ಕಾಲದಿಂದಲೂ ಅದೇ ಜಾಜಿನಲ್ಲಿ ಸರ್ಪಸುತ್ತಿಗೂ ಬರೆಯುತ್ತ ಬಂದಿದ್ದೇವೆ. ಗುಳ್ಳೆಯ ಪಟ್ಟಿಯ ಎರಡು ತುದಿಗೂ ಒಂದೊಂದು ಸಿಂಹ. ಹಾವಿನ ತಲೆಯೂ ಬಾಲವೂ ಒಂದಾಗಬಾರದು, ಅದಕ್ಕೆ ಕಾವಲು. ಮೂರು ಭಾನುವಾರ ಬರೆಯಬೇಕು. ಅಲ್ಲಿಯವರೆಗೆ ಸೂಜಿ ಚುಚ್ಚಿಸಬಾರದು, ಒಗ್ಗರಣೆ ಹಾಕಿದ್ದು ತಿನ್ನಬಾರದು. ಮಾಲೂರಿನಿಂದ, ಮುಳಬಾಗಿಲಿನಿಂದ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಬಹಳ ಜನಕ್ಕೆ ವಾಸಿಯಾಗುತ್ತಿತ್ತು. ಬರೆಯದಿದ್ದರೂ ಅವರಿಗೆ ವಾಸಿಯಾಗುತ್ತಿತ್ತು ಎಂದು ಈಗ ಗೊತ್ತು. ಆಗ ಅದನ್ನು ನನ್ನ ಕೈಗುಣ ಎಂದುಕೊಂಡಿದ್ದೆ.

"ಒಂದ್ಸಲ ಕೋಲಾರಕ್ಕೆ ಹೋಗಿ ತೋರಿಸ್ಕೊಂಡು ಬರೋಣ್ವೇನೋ?" ಅಂದಳು ಅಕ್ಕ.

"ಊರಿಗೆಲ್ಲ ನಾನು ಬರೀತೀನಿ, ನಮ್ಮನೇಗೆ ಡಾಕ್ಟ್ರಾ? ಜನ ಏನಂತಾರಕ್ಕ?"

ಅವಳು ನಕ್ಕಳು. "ಸರಿ, ಬರಿ ನಾಯನಾ. ಸಿಂಹಕ್ಕೆ ಮೀಸೆ ಸರಿಯಾಗಿ ಹಾಕು. ಬೆಕ್ಕಾಗ್ಬಿಟ್ಟೀತು."

ಬರೆದೆ. ಮೂರು ಭಾನುವಾರ ಬರೆದೆ. ಮೂರನೆಯ ವಾರಕ್ಕೆ ಗುಳ್ಳೆ ಒಣಗಿ ಹಕ್ಕಳೆ ಉದುರಿತು. ನಾನು ಪದ್ಮನ ಮುಂದೆ ಮೀಸೆ ತಿರುವಿದೆ.

ಗುಳ್ಳೆ ಹೋಯಿತು. ಉರಿ ಹೋಗಲಿಲ್ಲ.

ಸೆರಗು ತಾಗಿದರೆ ಅಕ್ಕ ಕಿರುಚುತ್ತಿದ್ದಳು. ಕಿರುಚುವ ಹೆಂಗಸಲ್ಲ ಅವಳು. ಫ್ಯಾನಿನ ಗಾಳಿ ಆ ಜಾಗಕ್ಕೆ ಬಡಿದರೂ ಕೆಂಡ ಉಜ್ಜಿದ ಹಾಗೆ ಅನ್ನುತ್ತಿದ್ದಳು. ಹಳೆಯ ಕುಪ್ಪಸವೊಂದರ ಎಡಭಾಗ ಕತ್ತರಿಸಿ ತೆಗೆದು ಅದನ್ನೇ ಹಾಕಿಕೊಳ್ಳುತ್ತಿದ್ದಳು. ಬಲಗೈಯಲ್ಲಿ ಸೆರಗನ್ನು ಮೈಯಿಂದ ಒಂದು ಗೇಣು ದೂರ ಹಿಡಿದುಕೊಂಡು ದಿನವಿಡೀ ಗೋಡೆಯ ಪಕ್ಕ ಕೂತಿರುತ್ತಿದ್ದಳು. ಸಾಣೆಕಲ್ಲು ಮುಟ್ಟಲಿಲ್ಲ. ಉಜ್ಜದೇ ಉಳಿದ ವಿಗ್ರಹಗಳು ಅಂಗಳದಲ್ಲಿ ಸಾಲಾಗಿ ನಿಂತವು.

ಕೊನೆಗೆ ಪದ್ಮನೇ ಅವಳನ್ನು ಹೊರಡಿಸಿದಳು. ಕೋಲಾರದ ಬಸ್ಸಿನಲ್ಲಿ ಯಾರದೋ ಖಾಲಿ ಟೊಮೆಟೊ ಕ್ರೇಟು ಅಕ್ಕನ ಪಕ್ಕೆಗೆ ತಾಗಿ, ಅವಳು ಸೀಟಿನಿಂದ ಎದ್ದು ನಿಂತವಳು ಊರು ಬರುವವರೆಗೂ ಕೂರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆ ಎಳೆದು ನೋಡಿದರು. ಚರ್ಮದಲ್ಲಿ ಇನ್ನೂ ಜಾಜಿನ ಕೆಂಪು ಕಲೆ ಇತ್ತು.

"ಇದನ್ನ ಬರೆದಿದ್ದು ಯಾರು?"

ನಾನು ಪರದೆಯ ಈಚೆ ನಿಂತಿದ್ದೆ. ನನ್ನ ಬಾಯಿ ಕಟ್ಟಿಹೋಯಿತು. ಒಳಗಿನಿಂದ ಅಕ್ಕನ ದನಿ ಬಂತು. "ಊರಲ್ಲಿ ಯಾರೋ, ಮೇಡಂ."

ಡಾಕ್ಟರಮ್ಮ ಬಿಡಿಸಿ ಹೇಳಿದರು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸು ನರದಲ್ಲಿ ಮಲಗಿರುತ್ತದಂತೆ. ವಯಸ್ಸಾದ ಮೇಲೆ ಏಳುತ್ತದೆ. ಗುಳ್ಳೆ ಎದ್ದ ಎರಡು ಮೂರು ದಿನದೊಳಗೆ ಬಂದಿದ್ದರೆ ಮಾತ್ರೆ ಕೊಟ್ಟು ಅದರ ಜೋರು ತಗ್ಗಿಸಬಹುದಿತ್ತು. ಈಗ ನರಕ್ಕೇ ಪೆಟ್ಟಾಗಿದೆ. ಈ ನೋವು ತಿಂಗಳುಗಟ್ಟಲೆ ಇರಬಹುದು, ವರ್ಷಗಟ್ಟಲೆಯೂ ಇರಬಹುದು.

ನರದ ನೋವಿಗೆಂದು ಒಂದು ಮಾತ್ರೆ ಬರೆದುಕೊಟ್ಟರು. ಮಾತ್ರೆಯ ಪಟ್ಟಿಯ ಮೇಲೆ ಹೆಸರಿನ ಪಕ್ಕ ಎಸ್‌ಆರ್ ಎಂದು ಎರಡು ಇಂಗ್ಲಿಷ್ ಅಕ್ಷರ.

"ಇದು ಒಂದೇ ಸಲಕ್ಕೆ ಕರಗೋದಲ್ಲ. ಇಡೀ ದಿನ ಸ್ವಲ್ಪ ಸ್ವಲ್ಪವೇ ಔಷಧಿ ಬಿಡ್ತದೆ. ಸಂಜೆ ಊಟ ಆದ್ಮೇಲೆ ದಿನಕ್ಕೆ ಒಂದು. ಇಡಿಯಾಗಿ ನುಂಗ್ಬೇಕು. ಗೊತ್ತಾಯ್ತಾ?"

ಗೊತ್ತಾಯಿತು ಎಂದು ತಲೆಯಾಡಿಸಿದವನು ನಾನೇ.

ಮೊದಲ ಹದಿನೈದು ದಿನ ಮಾತ್ರೆ ಹಿಡಿಯಿತು. ಉರಿ ಪೂರ್ತಿ ಹೋಗಲಿಲ್ಲ, ಆದರೆ ಸೆರಗು ಮೈಮೇಲೆ ಬಿತ್ತು. ಒಂದು ಮಧ್ಯಾಹ್ನ ಅಕ್ಕ ಕೂತಲ್ಲೇ ಅವರೆಕಾಯಿ ಸುಲಿದದ್ದು ನೋಡಿ ಪದ್ಮ ಅಡುಗೆಮನೆಗೆ ಹೋಗಿ ಅತ್ತಳು. ಆದರೆ ಮಾತ್ರೆ ದಪ್ಪ. ಅಕ್ಕನಿಗೆ ಮೊದಲಿಂದಲೂ ಮಾತ್ರೆ ಅಂದರೆ ಗಂಟಲು ಬಿಗಿಯುತ್ತದೆ. ಒಂದು ಸಂಜೆ ಅದು ಗಂಟಲಲ್ಲಿ ಸಿಕ್ಕಿ, ಕೆಮ್ಮಿ, ತಿಂದ ಮುದ್ದೆಯನ್ನೆಲ್ಲ ಕಕ್ಕಿದಳು. ಮಾರನೆಯ ದಿನ ಬಾಯಿ ತೆರೆಯಲಿಲ್ಲ.

"ಬೇಡ ಕಣೋ. ಉಸಿರು ಕಟ್ತದೆ."

ನಾನು ಜಾಜು ಅರೆಯುವ ಕಲ್ಲನ್ನು ತೊಳೆದು ತಂದೆ. ಮಾತ್ರೆಯನ್ನು ಅದರ ಮೇಲಿಟ್ಟು ಉಳಿಯ ತಲೆಯಿಂದ ಮೆತ್ತಗೆ ಒಂದೇಟು ಕೊಟ್ಟೆ. ಆಮೇಲೆ ಗುಂಡುಕಲ್ಲಿನಲ್ಲಿ ನುಣ್ಣಗೆ ಅರೆದೆ.

"ಇಡೀದು ನುಂಗ್ಬೇಕು ಅಂದಿದ್ರಲ್ರೀ?" ಅಂದಳು ಪದ್ಮ.

"ಹೊಟ್ಟೆಗೆ ಹೋದ್ಮೇಲೆ ಇಡೀದೂ ಒಂದೇ, ಪುಡೀನೂ ಒಂದೇ. ಬಂಡೆ ಪುಡಿ ಮಾಡೋನಿಗೆ ಮಾತ್ರೆ ಪುಡಿ ಮಾಡೋದು ಹೇಳ್ಕೊಡ್ತೀಯಾ?"

ಪುಡಿಯನ್ನು ಬೆಲ್ಲದಲ್ಲಿ ಕಲಸಿ ಕೊಟ್ಟೆ. ಅಕ್ಕ ನೆಕ್ಕಿದಳು. ಎಷ್ಟು ಸುಲಭವಾಯಿತು ಎಂದು ನನಗೆ ಹೆಮ್ಮೆ. ಬೆಲ್ಲದಲ್ಲಿ ಸ್ವಲ್ಪ ಕೆಂಪು ಬಣ್ಣವೂ ಇತ್ತು. ಎಷ್ಟು ತೊಳೆದರೂ ಆ ಕಲ್ಲಿನಿಂದ ಜಾಜು ಪೂರ್ತಿ ಹೋಗುವುದಿಲ್ಲ.

ಅಂದಿನಿಂದ ದಿನವೂ ಅರೆದು ಕೊಟ್ಟೆ. ತಗೊಂಡ ಗಂಟೆಯೊಳಗೆ ಅಕ್ಕನ ಕಣ್ಣು ತೇಲುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದುಕೊಂಡೆ. ಮಾರನೆಯ ದಿನ ಮಧ್ಯಾಹ್ನಕ್ಕೆ ಉರಿ ಮತ್ತೆ ಏಳುತ್ತಿತ್ತು. ಒಂದು ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯಬೇಕಾಗಿದ್ದದ್ದನ್ನು ನಾನು ಒಂದೇ ಸಲಕ್ಕೆ ಅವಳ ಮೈಗೆ ಸುರಿಯುತ್ತಿದ್ದೆ, ಉಳಿದ ಹೊತ್ತಿಗೆ ಏನೂ ಉಳಿಸುತ್ತಿರಲಿಲ್ಲ. ಇದು ನನಗೆ ಹೊಳೆಯಲಿಲ್ಲ. ಅದರ ಬದಲು ಅವಳಿಗೇ ಬೈದೆ.

"ನಿನ್ನೆ ಸಂಜೆ ತಾನೇ ತಗೊಂಡಿದ್ದೀಯ, ಅದೆಂಗಕ್ಕ ಉರೀತದೆ? ಉರಿ ಇರೋದು ನಿನ್ನ ಮನಸ್ಸಲ್ಲಿ."

ಅವಳು ಆ ಮಾತು ಆಡಿದ ನನ್ನ ಬಾಯಿಯನ್ನೇ ನೋಡಿದಳು.

ಮೂರನೇ ವಾರದ ಒಂದು ಸಂಜೆ, ಬೆಲ್ಲ ನೆಕ್ಕಿ ಮುಕ್ಕಾಲು ಗಂಟೆಯಾಗಿರಬೇಕು, ತಟ್ಟೆ ತೊಳೆಯಲು ಅಂಗಳಕ್ಕೆ ಇಳಿದಳು. ಮೆಟ್ಟಿಲಲ್ಲಿ ಕಾಲು ತಡವರಿಸಿ ಕಲ್ಲಿನ ಚಕ್ಕೆಗಳ ಮೇಲೆ ಬಿದ್ದಳು.

ಬಲಗೈ ಮುರಿಯಿತು.

ಬೆಳಿಗ್ಗೆ ಮತ್ತೆ ಕೋಲಾರ. ಅಕ್ಕನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ನನ್ನನ್ನು ಕರೆದರು. ಪಕ್ಕದಲ್ಲಿ ನರ್ಸು ಇದ್ದರು, ಬೆಂಚಿನ ಮೇಲೆ ನಮ್ಮ ಕಡೆಯವರೇ ಇಬ್ಬರು ಇದ್ದರು. ಅವರಲ್ಲಿ ಒಬ್ಬನಿಗೆ ನಾನು ಹೋದ ವರ್ಷ ಜಾಜು ಬರೆದಿದ್ದೆ.

"ಇಷ್ಟೊಂದು ಮಂಪರು ಬರಬಾರದಲ್ಲ. ಮಾತ್ರೆ ಹೆಂಗೆ ತಗೊಳ್ತಾರೆ? ಇಡಿಯಾಗಿ ನುಂಗ್ತಾರೆ ತಾನೆ?"

ಆ ಕ್ಷಣದಲ್ಲೇ ನನಗೆ ಗೊತ್ತಾಯಿತು. ಅವರು ಕೇಳಿದ ರೀತಿಯಲ್ಲೇ ಗೊತ್ತಾಯಿತು.

"ಹೌದು ಮೇಡಂ. ಇಡೀದೇ."

"ಹಂಗಾದ್ರೆ ಈ ಡೋಸ್ ಅವರಿಗೆ ಹೆಚ್ಚಾಯ್ತು. ಅರ್ಧಕ್ಕೆ ಇಳಿಸ್ತೀನಿ. ನೋವು ಸ್ವಲ್ಪ ಜಾಸ್ತಿ ಆಗ್ಬಹುದು. ಏನ್ಮಾಡೋದು, ಮತ್ತೆ ಬಿದ್ರೆ ಕಷ್ಟ."

ಅವರು ಚೀಟಿ ಬರೆದು ಮುಗಿಸುವವರೆಗೂ ನನಗೆ ಸಮಯವಿತ್ತು. ಅಲ್ಲ ಮೇಡಂ, ಅರೆದು ಕೊಟ್ಟೆ ಅನ್ನಬಹುದಿತ್ತು. ಅಷ್ಟೇ ಮಾತು. ನಾನು ಅವರ ಪೆನ್ನು ನೋಡುತ್ತ ನಿಂತೆ.

ಹೊಸ ಮಾತ್ರೆ ಸಣ್ಣದು. ಅದನ್ನು ಅಕ್ಕ ಹಾಗೇ ನುಂಗಿದಳು. ಆದರೆ ಅದು ಅವಳ ಉರಿಗೆ ಸಾಲುವಂಥದ್ದಲ್ಲ. ಬಲಗೈಗೆ ಪ್ಲಾಸ್ಟರ್ ಬಿದ್ದಿತ್ತು. ಸೆರಗನ್ನು ದೂರ ಹಿಡಿಯುತ್ತಿದ್ದ ಕೈ ಅದೇ. ಈಗ ಪದ್ಮ ಗೋಡೆಯ ಮೊಳೆಗೆ ದಾರ ಕಟ್ಟಿ ಸೆರಗಿನ ತುದಿಯನ್ನು ಅದಕ್ಕೆ ಸಿಕ್ಕಿಸುತ್ತಿದ್ದಳು. ನನ್ನನ್ನು ಸಾಕಿದವಳು ಒಂದೂವರೆ ತಿಂಗಳು ಮೊಳೆಗೆ ಕಟ್ಟಿಹಾಕಿದವಳ ಹಾಗೆ ಕೂತಿದ್ದಳು. ನಾನು ಅದೇ ಅಂಗಳದಲ್ಲಿ ಕೂತು ಕಲ್ಲು ಕುಟ್ಟಿದೆ. ಕುಟ್ಟುವ ಸದ್ದಿಗೂ ಅವಳ ಪಕ್ಕೆ ಅದುರುತ್ತದೆ ಎಂದು ಪದ್ಮ ಹೇಳಿದ ಮೇಲೆ ಅದನ್ನೂ ನಿಲ್ಲಿಸಿದೆ.

ಪ್ಲಾಸ್ಟರ್ ತೆಗೆಸುವ ಹಿಂದಿನ ದಿನ ಅಕ್ಕ ಕರೆದಳು.

"ಲೇ, ಆ ಮಾತ್ರೆ ನಿಲ್ಲಿಸ್ಬಿಡ್ತೀನಿ. ದೊಡ್ಡದು ಕೊಟ್ರೆ ಬೀಳ್ತೀನಿ, ಚಿಕ್ಕದು ಕೊಟ್ರೆ ಉರೀತೀನಿ. ಔಷಧೀದೇನೂ ತಪ್ಪಿಲ್ಲ ಕಣೋ. ನನ್ನ ಮೈಯೇ ಸರಿಯಿಲ್ಲ."

ತಪ್ಪು ತನ್ನ ಮೈಯದು ಎಂದುಕೊಂಡಿದ್ದಳು.

ಮಾರನೆಯ ದಿನ ಡಾಕ್ಟರಮ್ಮನ ಮುಂದೆ, ಅಕ್ಕ ಪಕ್ಕದಲ್ಲಿ ಕೂತಿರುವಾಗಲೇ ಹೇಳಿದೆ. ಕಲ್ಲು, ಉಳಿ, ಬೆಲ್ಲ, ಎಲ್ಲ ಹೇಳಿದೆ. ಎಕ್ಸ್‌ರೇ ದಿನ ಸುಳ್ಳು ಹೇಳಿದೆ ಎಂದೂ ಹೇಳಿದೆ. ಜಾಜು ಬರೆದ ಆ 'ಊರಲ್ಲಿ ಯಾರೋ' ಕೂಡ ನಾನೇ ಎಂದೆ. ಬೆಂಚಿನ ಮೇಲೆ ಅವತ್ತೂ ಜನ ಇದ್ದರು.

ಡಾಕ್ಟರಮ್ಮ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಮಾತ್ರೆ ಅರೆದಿದ್ದು ಗೊತ್ತಿಲ್ದೆ. ಬಿಡಿ, ಬಹಳ ಜನ ಮಾಡ್ತಾರೆ. ಸುಳ್ಳು ಹೇಳಿದ್ದು ಗೊತ್ತಿದ್ದೇ ಅಲ್ವಾ? ನಾನು ನಿಮ್ಮ ಮಾತು ನಂಬಿ ಇವರ ಔಷಧಿ ಕಿತ್ಕೊಂಡೆ."

ಆಮೇಲೆ ಅಕ್ಕನ ಕಡೆ ತಿರುಗಿ, ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು, ಮತ್ತೆ ನಿಧಾನವಾಗಿ ಏರಿಸೋಣ ಎಂದರು. ನುಂಗುವುದನ್ನು ತಾವೇ ತೋರಿಸಿಕೊಟ್ಟರು. ಬಾಯಲ್ಲಿ ಒಂದು ಗುಟುಕು ನೀರು, ಮಾತ್ರೆ, ತಲೆ ಹಿಂದಕ್ಕೆ ಎತ್ತಬಾರದು, ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿ ನುಂಗಬೇಕು. ಕಲಿಯಲು ಐದು ನಿಮಿಷವೂ ಹಿಡಿಯಲಿಲ್ಲ. ಮಾತ್ರೆ ಗಂಟಲಲ್ಲಿ ಸಿಕ್ಕ ದಿನವೇ ಫೋನು ಮಾಡಿ ಅಕ್ಕನಿಗೆ ನುಂಗಲಾಗುತ್ತಿಲ್ಲ ಎಂದಿದ್ದರೆ ಆ ಐದು ನಿಮಿಷ ಸಾಕಾಗುತ್ತಿತ್ತು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಅರ್ಧ ದಾರಿಯಲ್ಲಿ, ಹೊರಗೆ ನೋಡುತ್ತಲೇ ಹೇಳಿದಳು.

"ಅವತ್ತು ನಾನು ಊರಲ್ಲಿ ಯಾರೋ ಅಂದೆ. ನೀನು ಇಡೀದೇ ಅಂದೆ. ಇಬ್ರೂ ಸೇರಿ ನಿನ್ನೇ ಉಳಿಸ್ಕೊಂಡ್ವಿ. ನನ್ನ ಯಾರೋ ಉಳಿಸೋರು?"

ಅದಾಗಿ ಈಗ ಆರು ತಿಂಗಳು ಕಳೆದಿದೆ. ಉರಿ ಹೋಗಿಲ್ಲ. ಹೋಗುತ್ತದೆ ಎಂದು ಡಾಕ್ಟರಮ್ಮನೂ ಹೇಳುವುದಿಲ್ಲ. ಆದರೆ ಸೆರಗು ಮೈಮೇಲೆ ನಿಲ್ಲುತ್ತದೆ. ಮಂಪರು ಸ್ವಲ್ಪ ಇದೆ, ಬೀಳುವಷ್ಟಿಲ್ಲ. ಅಕ್ಕ ಬೆಳಿಗ್ಗೆ ಒಂದು ಗಂಟೆ ಸಣ್ಣ ಗಣಪತಿಗಳನ್ನು ಉಜ್ಜುತ್ತಾಳೆ. ಮುರಿದ ಕೈ ಹಿಂದಿನ ಹಾಗೆ ಒತ್ತುವುದಿಲ್ಲ, ನುಣುಪು ಹಿಂದಿನಷ್ಟು ಬರುವುದಿಲ್ಲ. ಮಾತ್ರೆಯ ಪಟ್ಟಿ ಅವಳ ಟ್ರಂಕಿನಲ್ಲಿದೆ. ಬೀಗದ ಕೈ ಅವಳ ಸೊಂಟದಲ್ಲಿದೆ. ನನ್ನನ್ನು ಅದರ ಹತ್ತಿರ ಬಿಡುವುದಿಲ್ಲ. ಸರಿಯಾಗಿಯೇ ಮಾಡುತ್ತಾಳೆ. ನನ್ನ ಜೊತೆ ಬೇಕಾದಷ್ಟು ಮಾತ್ರ ಮಾತು. ಮೊದಲಿನ ತಮಾಷೆ ಇಲ್ಲ.

ಹೋದ ವಾರ ಶ್ರೀನಿವಾಸಪುರದ ಕಡೆಯಿಂದ ಗಂಡ ಹೆಂಡತಿ ಬಂದರು. ಮಾವಿನ ತೋಟದಲ್ಲಿ ಕೂಲಿ ಮಾಡುವವರು. ಹೆಂಗಸಿನ ಭುಜಕ್ಕೆ ಹಿಂದಿನ ದಿನವಷ್ಟೇ ಗುಳ್ಳೆ ಎದ್ದಿತ್ತು.

"ಸಿಂಹ ಬರೀತೀರಂತೆ ಅಣ್ಣಾ," ಅಂದ ಗಂಡ.

"ಬಿಟ್ಬಿಟ್ಟಿದ್ದೀನಿ. ಈಗ್ಲೇ ಆಸ್ಪತ್ರೆಗೆ ಹೋಗಿ."

"ಅಷ್ಟು ದೂರದಿಂದ ಬಂದಿದ್ದೀವಿ. ನಿಮ್ಮ ಕೈಗುಣ ಊರೂರಿಗೇ ಗೊತ್ತು. ಹಂಗನ್ಬೇಡಿ."

ಎಷ್ಟು ಹೇಳಿದರೂ ಅವನು ಏಳಲಿಲ್ಲ. ಇಲ್ಲದಿದ್ದರೆ ಇನ್ನೊಬ್ಬರ ಹತ್ತಿರ ಬರೆಸುತ್ತೇನೆ ಎಂದ. ಯಾಕೆ ಬೇಡ ಎಂದು ಹೇಳಲು ಬಾಯಿ ತೆರೆದೆ. ಮತ್ತೆ ಅದೇ, ಬಾಯಿ ಕಟ್ಟಿತು.

ಒಳಗಿನಿಂದ ಅಕ್ಕ ಎದ್ದು ಬಂದಳು. ಆ ಹೆಂಗಸನ್ನು ಬಾಗಿಲ ಮರೆಗೆ ಕರೆದು, ಸೆರಗು ಸರಿಸಿ, ಪಕ್ಕೆಯ ಕಲೆ ತೋರಿಸಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನೋಡಮ್ಮ. ನನ್ನ ತಮ್ಮನೇ ಬರೆದದ್ದು. ವರ್ಷ ಆಗ್ತಾ ಬಂತು, ಇನ್ನೂ ಉರೀತಾ ಇದೀನಿ. ಮುಂದಿನ ಬಸ್ಸಿಗೆ ಹೋಗು."

ಅವರು ಹೋದರು. ಬಸ್ ಸ್ಟ್ಯಾಂಡಿನವರೆಗೆ ನಾನೇ ಜೊತೆಗೆ ಹೋಗಿ ಕೋಲಾರದ ಬಸ್ಸು ಹತ್ತಿಸಿ ಬಂದೆ. ವಾಪಸ್ಸು ಬಂದಾಗ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ.

"ಬೆಕ್ಕೇ ಕಣೋ ಅದು," ಅಂದಳು. "ಅವತ್ತೇ ಹೇಳ್ಬೇಕು ಅಂತಿದ್ದೆ. ಸಿಂಹ ಆಗಿರ್ಲೇ ಇಲ್ಲ."

ನಗಲಿಲ್ಲ. ನಾನೂ ನಗಲಿಲ್ಲ.

ಸಂಜೆ ಊಟವಾದ ಮೇಲೆ ಟ್ರಂಕು ತೆಗೆದ ಸದ್ದು ಕೇಳಿಸಿತು. ಆಮೇಲೆ, "ನೀರು ತಗೊಂಡ್ಬಾ" ಅಂದಳು. ಇಷ್ಟು ದಿನ ಅದನ್ನೂ ಪದ್ಮನೇ ಕೊಡಬೇಕಿತ್ತು. ಲೋಟ ತುಂಬ ತಂದುಕೊಟ್ಟೆ. ಅವಳು ಪಟ್ಟಿಯಿಂದ ಮಾತ್ರೆ ಬಿಡಿಸಿದಳು, ಗುಟುಕು ಬಾಯಿಗೆ ತಗೊಂಡಳು, ಗದ್ದ ಬಗ್ಗಿಸಿ ನುಂಗಿದಳು. ಇಡೀದು. ಅದು ಗಂಟಲಿನಿಂದ ಇಳಿಯುವವರೆಗೂ ನಾನು ಅಲ್ಲೇ ನಿಂತಿದ್ದೆ. ಖಾಲಿ ಲೋಟವನ್ನು ಅವಳು ನನ್ನ ಕೈಗೇ ಕೊಟ್ಟಳು.